ಕಲ್ಲು, ತೊಗರಿ, ತಾಡೋಲೆ: ನಮ್ ಕಡಿ ಪ್ರೊಫೆಸರ್‌ಗಳು ರಿಸರ್ಚ್ ಅಂತ ಮಾಡೋದಾದ್ರೂ ಏನು?

ನಮ್ ಕಲಬುರಗಿ ಕಡಿ ಯಾರಾದ್ರೂ "ಪಿಎಚ್‌ಡಿ ಮಾಡ್ಲಿಕತ್ತೀನಿ" ಅಂದ್ರ ಎದುರಿಗಿದ್ದವ್ರು ಕೇಳೋದು ಎರಡೇ ಪ್ರಶ್ನೆ. ಒಂದು "ಮುಗಿದ್ಮ್ಯಾಲ ನೌಕರಿ ಸಿಗ್ತದೇನ್ರಿ?", ಇನ್ನೊಂದು "ಅಷ್ಟ್ ವರ್ಷ ಅದ್ರಾಗ ಮಾಡೋದಾದ್ರೂ ಏನ್ರಿ?" ಈ ಎರಡ್ನೇ ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳಬೇಕಂತ ಇದನ್ನ ಬರೀಲಿಕತ್ತೀನಿ. 1980ರಿಂದ ನಮ್ಮಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಅದ, 2009ರಾಗ ಶುರುವಾದ ಕೇಂದ್ರೀಯ ವಿವಿ ಆಳಂದ ರೋಡಿಗೆ ಕಡಗಂಚಿ ಹತ್ರ ಅದ, ಬೀದರದಾಗ ಪಶುವೈದ್ಯಕೀಯ ವಿವಿ ಅದ, ಕೃಷಿ ಕಾಲೇಜು ಅದ, ದಿನಾ ಸಾವಿರಾರು ಮಂದಿ ಈ ಗೇಟುಗಳ ಮುಂದ ಬಸ್ಸಿನಾಗ ಹಾದು ಹೋಗ್ತೀವಿ, ಆದ್ರ ಒಳಗ ನಡಿಯೋ ಮಾತು ಹೊರಗಿನವ್ರಿಗೆ ಮುಟ್ಟೋದು ಭಾಳ ಕಡಿಮಿ.

ರಿಸರ್ಚ್ ಅಂದ್ರ ಹತ್ತು ಪುಸ್ತಕ ಓದಿ ಹನ್ನೊಂದನೇದು ಬರಿಯೋದು ಅಂತ ಭಾಳ ಮಂದಿ ತಿಳ್ಕೊಂಡಾರ. ಓದೋದು ಬೇಕೇ ಬೇಕು, ಯಾಕಂದ್ರ ಈಗಾಗ್ಲೇ ಗೊತ್ತಿರೋದು ಯಾವುದು ಅಂತ ತಿಳೀದೆ ಗೊತ್ತಿಲ್ಲದ್ದು ಯಾವುದು ಅಂತ ಹೇಳ್ಲಿಕ್ಕ ಆಗೋದಿಲ್ಲ. ಆದ್ರ ಅದು ಬರೀ ತಯಾರಿ. ಅಸಲಿ ಕೆಲಸ ಅಂದ್ರ ಯಾರ ಹತ್ರನೂ ಇನ್ನೂ ಉತ್ತರ ಇಲ್ಲದ ಒಂದು ಪ್ರಶ್ನೆ ಹಿಡಿದು, ಅದಕ್ಕ ಒಂದು ಉತ್ತರ ಕಂಡ್ಕೊಂಡು, ಆ ಉತ್ತರ ಹೆಂಗ ಗೊತ್ತಾಯ್ತು ಅನ್ನೋದನ್ನ ಬ್ಯಾರೆಯವ್ರು ಬಂದು ತಪಾಸ್ ಮಾಡೋ ಹಂಗ ಪೂರಾ ಬಿಚ್ಚಿ ಇಡೋದು. ವರ್ಷಗಟ್ಟಲೆ ಹೊತ್ತು ಹೋಗೋದು ಈ ಕೊನೇದಕ್ಕೇ.

ಇನ್ನೊಂದು ತಿಳುವಳಿಕಿ ಅದ, ಅದು ನನಗ ನಿಜವಾಗ್ಲೂ ಬ್ಯಾಸರ ಆಗೋವಂಥದ್ದು. ಸೈನ್ಸ್‌ನವ್ರು ಮಷೀನ್ ಇಟ್ಕೊಂಡು ಪುರಾವೆ ಕೊಡ್ತಾರ, ಆರ್ಟ್ಸ್‌ನವ್ರು ತಮಗ ಅನ್ಸಿದ್ದು ಬರೀತಾರ ಅಂತ. ಮನ್ಯಾಗ ಹುಡುಗ ಇತಿಹಾಸ ತಗೋತೀನಿ ಕನ್ನಡ ಎಂಎ ಮಾಡ್ತೀನಿ ಅಂದ್ರ ಮಾರಿ ಸಣ್ಣದು ಮಾಡೋದು ಇದಕ್ಕೇ. ಆದ್ರ ಶಾಸನ ಓದೋ ಪ್ರೊಫೆಸರನ್ನೂ ತೊಗರಿ ರೋಗ ನೋಡೋ ಪ್ರೊಫೆಸರನ್ನೂ ಒಂದೇ ಟೇಬಲ್ಲಿಗೆ ಕೂಡ್ಸಿ ಮಾತಾಡ್ಸಿದ್ರ ಇಬ್ರೂ ಒಬ್ಬರಿಗೊಬ್ರು ಕೇಳೋದು ಒಂದೇ ಮಾತು, "ಅದು ಹಂಗೇ ಅಂತ ನಿಮಗ ಹೆಂಗ ಗೊತ್ತು, ಬ್ಯಾರೆ ಕಾರಣ ಇರ್ಲಿಕ್ಕಿಲ್ಲ ಅಂತ ಹೆಂಗ ಹೇಳ್ತೀರಿ?" ಈ ಮಾತನ್ನ ನಮ್ ಸುತ್ತಮುತ್ತ ಇರೋ ವಸ್ತುಗಳಿಂದನೇ ಹೇಳ್ತೀನಿ.

ಮೊದ್ಲು ಸನ್ನತಿಗೆ ಹೋಗೋಣ. ಭೀಮಾ ದಂಡಿ ಮ್ಯಾಲ ಚಂದ್ರಲಾಂಬಾ ಗುಡಿ ಇರೋ ಊರು, ನಮ್ಮವ್ರು ಭಾಳ ಮಂದಿ ಹೋಗಿ ಬಂದಿರ್ತೀರಿ. 1986ರಾಗ ಅಲ್ಲಿನ ಕಾಳಿ ಗುಡಿ ಮಾಳಿಗಿ ಕುಸೀತು, ರಿಪೇರಿ ಮಾಡೋ ಮುಂದ ಮೂರ್ತಿ ಕೆಳಗ ಪೀಠ ಅಂತ ಹಾಕಿದ್ದ ಕಲ್ಲಿನ ಮ್ಯಾಲ ಅಕ್ಷರ ಕಂಡ್ವು, ನೋಡಿದ್ರ ಅದು ಅಶೋಕನ ಶಾಸನ. ಎಷ್ಟೋ ಕಾಲ ಜನ ಪೂಜಿ ಮಾಡ್ಕೊಂಡು ಬಂದ ಪೀಠದ ಕಲ್ಲು ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೇದು. ಇಲ್ಲಿತನಕ ಸುದ್ದಿ, ಪೇಪರಿನಾಗ ಬರೋದು ಇಷ್ಟೇ. ಪ್ರೊಫೆಸರ್ ಕೆಲಸ ಇಲ್ಲಿಂದ ಮುಂದ ಶುರು.

ಶಾಸನ ಓದೋವ್ರು ಕಲ್ಲನ್ನ ನೋಡಿ ಸೀದಾ ಓದೋದಿಲ್ಲ, ಮೊದ್ಲು ಪಡಿಯಚ್ಚು ತಗೀತಾರ. ಕಲ್ಲನ್ನ ಬ್ರಶ್ ಹಚ್ಚಿ ತೊಳೀತಾರ, ಸಂದಿಯೊಳಗಿನ ಮಣ್ಣು ಸುಣ್ಣ ಹೋಗಬೇಕು ಆದ್ರ ಅಕ್ಷರದ ಅಂಚು ಮುಕ್ಕಾಗಬಾರ್ದು. ಆಮ್ಯಾಲ ಒದ್ದಿ ಮಾಡಿದ ಕಾಗದ ಕಲ್ಲಿನ ಮ್ಯಾಲ ಹಾಸಿ ಗಡಸು ಬ್ರಶ್ಶಿನಿಂದ ಮೆಲ್ಲಗ ಬಡೀತಾರ, ಬಡಿದಂಗ ಬಡಿದಂಗ ಕಾಗದ ಅಕ್ಷರದ ತಗ್ಗಿನೊಳಗ ಇಳೀತದ. ಸ್ವಲ್ಪ ಆರಿದ್ಮ್ಯಾಲ ಮಸಿ ಹಚ್ಚಿದ ಅರಿವಿ ಉಂಡಿ ತಗೊಂಡು ಮ್ಯಾಲಷ್ಟೇ ತಟ್ಟಿದ್ರ ಕಲ್ಲಿನ ಮೈ ಕರಿ ಆಗ್ತದ, ತಗ್ಗಿನಾಗಿರೋ ಅಕ್ಷರ ಬೆಳ್ಳಗ ಉಳೀತಾವ. ಯಾಕ ಇಷ್ಟು ತ್ರಾಸು ಅಂದ್ರ ಕಣ್ಣು ಮೋಸ ಮಾಡ್ತದ, ಮುಂಜಾನಿ ಬಿಸಿಲಿನಾಗ ಕಾಣೋ ಗೆರಿ ಮಧ್ಯಾಹ್ನಕ್ಕ ಕಾಣೋದಿಲ್ಲ, ಕಲ್ಲಿನ ಬಿರುಕು ಒಂದು ಅಕ್ಷರದ ಕಾಲು ಇದ್ದಂಗ ಕಾಣಿಸ್ತದ. ಮತ್ತ ಪಡಿಯಚ್ಚು ಇದ್ರ ಮೈಸೂರಿನಾಗ ಕುಂತವ್ರೂ ನೋಡಿ "ಇಲ್ರಿ, ನೀವು ಓದಿದ್ದು ತಪ್ಪದ" ಅನ್ನಬಹುದು. ತಪ್ಪು ಹಿಡಿಯೋರಿಗೆ ದಾರಿ ಮಾಡಿ ಕೊಡೋದು ಈ ಕೆಲಸದಾಗಿನ ಮೊದ್ಲನೇ ಮರ್ಯಾದಿ.

ಸನ್ನತಿ ಕಲ್ಲಿನ ನಡುವ ಮೂರ್ತಿ ಕೂಡ್ಸಲಿಕ್ಕ ಕೊರದಿದ್ರಿಂದ ಒಂದಿಷ್ಟು ಅಕ್ಷರ ಹೋಗ್ಯಾವ. ಹೋದ ಜಾಗದಾಗ ಏನಿತ್ತು ಅಂತ ಊಹೆ ಮ್ಯಾಲ ತುಂಬ್ಲಿಕ್ಕ ಆಗೋದಿಲ್ಲ. ಆದ್ರ ಅಶೋಕ ಒಂದೇ ಮಾತನ್ನ ಬ್ಯಾರೆ ಬ್ಯಾರೆ ಊರಾಗ ಕೆತ್ತಿಸಿದ್ದ, ಹಂಗಾಗಿ ಇಲ್ಲಿ ಮುಕ್ಕಾದ ಸಾಲು ಇನ್ನೊಂದು ಕಡಿ ಪೂರ್ತಿ ಇದ್ರ ಎರಡೂ ಪಕ್ಕಕ್ಕ ಇಟ್ಟು ನೋಡ್ತಾರ. ಹಂಗ ನೋಡಿದಾಗ ಗೊತ್ತಾಗಿದ್ದು ಸನ್ನತಿಯಲ್ಲಿ 12 ಮತ್ತ 14ನೇ ಬಂಡೆ ಶಾಸನಗಳ ಜೊತಿಗೆ 'ಪ್ರತ್ಯೇಕ ಶಾಸನ' ಅಂತ ಕರಿಯೋ ಎರಡು ಶಾಸನ ಅವ ಅಂತ. ಈ ಪ್ರತ್ಯೇಕ ಶಾಸನ ಅದಕ್ಕೂ ಮೊದ್ಲು ಒಡಿಶಾದ ಧೌಲಿ, ಜೌಗಡದಾಗ ಸಿಕ್ಕಿದ್ವು, ಅಂದ್ರ ಹಳೇ ಕಳಿಂಗದಾಗ. ಯುದ್ಧ ಮಾಡಿ ಗೆದ್ದ ಜಾಗ ಅಂತ ಅಲ್ಲಿನ ಜನಕ್ಕೇ ಬರ್ಸಿದ್ದು ಅನ್ನೋ ತಿಳುವಳಿಕಿ ಇತ್ತು. ನಮ್ ಭೀಮಾ ದಂಡಿ ಕಲ್ಲು ಬಂದ್ಮ್ಯಾಲ ಆ ಮಾತನ್ನ ಮತ್ತೊಮ್ಮಿ ತೆರೆದು ನೋಡಬೇಕಾಯ್ತು, ಈ ದೂರದ ಜಾಗಕ್ಕ ಆ ಶಾಸನ ಯಾಕ ಬಂದ್ವು ಅಂತ. ಒಂದು ಗುಡಿ ಪೀಠ ದೇಶದ ಇತಿಹಾಸದ ಒಂದು ಪುಟ ತಿದ್ದಿಸ್ತು ಅಂದ್ರ ಸಣ್ಣ ಮಾತಲ್ಲ.

ಅಲ್ಲೇ ಪಕ್ಕದ ಕನಗನಹಳ್ಳಿ ಸ್ತೂಪದಾಗ ರಾಜ ರಾಣಿ ಕೆತ್ತಿದ ಒಂದು ಫಲಕ ಅದ, ಅದ್ರ ಮ್ಯಾಲ ಬ್ರಾಹ್ಮಿ ಲಿಪಿಯೊಳಗ "ರಾಯೋ ಅಸೋಕೋ" ಅಂತ ಬರೆದಾರ. ವಾಟ್ಸಪ್‌ನಾಗ ಇದು "ಅಶೋಕನ ಅಸಲಿ ಮಾರಿ" ಅಂತ ಓಡಾಡ್ತದ. ಪ್ರೊಫೆಸರ್ ಹಂಗ ಹೇಳೋದಿಲ್ಲ. ಆ ಕೆತ್ತನಿ ಅಶೋಕ ತೀರ್ಕೊಂಡು ಶತಮಾನಗಳಾದ್ಮ್ಯಾಲ ಶಾತವಾಹನರ ಕಾಲದ ಕಡಿ ಆಗಿದ್ದು, ಕೆತ್ತಿದವ ಅಶೋಕನ್ನ ನೋಡಿರ್ಲಿಕ್ಕೇ ಸಾಧ್ಯ ಇಲ್ಲ. ಹಂಗಾದ್ರ ಆ ಫಲಕ ಏನ್ ಹೇಳ್ತದ? ಆ ಕಾಲದ ಇಲ್ಲಿನ ಜನಕ್ಕ ಅಶೋಕ ಅನ್ನೋ ರಾಜ ನೆನಪಿದ್ದ, ಅವನನ್ನ ಹೆಸರು ಹಿಡಿದು ಸ್ತೂಪದ ಮ್ಯಾಲ ಕೂಡ್ಸೋವಷ್ಟು ದೊಡ್ಡವ ಅನ್ಕೊಂಡಿದ್ರು ಅಂತ. ಪುರಾವೆ ಎಷ್ಟು ಹೇಳ್ತದೋ ಅಷ್ಟೇ ಹೇಳೋದು, ಒಂದು ಕೂದಲೆಳಿ ಹೆಚ್ಚಿಗಿ ಹೇಳದೆ ಇರೋದು, ಇದು ಲ್ಯಾಬಿನಾಗಿನ ಶಿಸ್ತಿಗಿಂತ ಏನೂ ಕಡಿಮಿ ಅಲ್ಲ.

ಬಹಮನಿ ಸುಲ್ತಾನರ ವಜೀರ ಆಗಿದ್ದ ಬೀದರದ ಮಹಮೂದ್ ಗವಾನನ ಮಾತೂ ಹಿಂಗೇ. 1472ರಾಗ ಅಷ್ಟು ದೊಡ್ಡ ಮದರಸಾ ಕಟ್ಸಿದವ, 1481ರಾಗ ಒಂದು ಖೊಟ್ಟಿ ಪತ್ರದ ಮ್ಯಾಲ ಸುಲ್ತಾನ್ ಅವನಿಗೆ ಮರಣದಂಡನಿ ಕೊಟ್ಟ ಅಂತ ಕಥಿ. ಇದನ್ನ ವಿವರವಾಗಿ ಹೇಳೋವ್ರ ಪೈಕಿ ಫಿರಿಶ್ತಾ ಅನ್ನೋ ಇತಿಹಾಸಕಾರ ಮುಖ್ಯ, ಆದ್ರ ಅವ ಬರೆದಿದ್ದು ಹದಿನೇಳನೇ ಶತಮಾನದ ಶುರುವಿನಾಗ, ಅದೂ ವಿಜಯಪುರದ ಆದಿಲಶಾಹಿ ಆಸ್ಥಾನದಾಗ ಕುಂತು. ನಡುವ ನೂರಾ ಇಪ್ಪತ್ತು ವರ್ಷಕ್ಕೂ ಹೆಚ್ಚು ಅಂತರ. ಇತಿಹಾಸದ ಪ್ರೊಫೆಸರ್ ಮೊದ್ಲು ಕೇಳೋದು ಬರೆದವ ಯಾರು, ಯಾವಾಗ ಬರೆದ, ಯಾರ ಅನ್ನ ಉಂಡು ಬರೆದ, ಅವನಿಗೆ ಈ ಸುದ್ದಿ ಹೆಂಗ ಬಂತು ಅಂತ. ಗವಾನ್ ಸ್ವತಃ ಬರೆದ ಪತ್ರಗಳೂ ಉಳ್ಕೊಂಡಾವ, ಅವುಗಳ ಜೊತಿಗೆ ಇಟ್ಟು ತೂಗ್ತಾರ. ಕೋರ್ಟಿನಾಗ ಕಣ್ಣಾರ ಕಂಡವನ ಸಾಕ್ಷಿಗೂ ಕೇಳಿದವನ ಸಾಕ್ಷಿಗೂ ಎಷ್ಟು ಫರಕು ಇರ್ತದೋ ಇಲ್ಲೂ ಅಷ್ಟೇ ಇರ್ತದ.

ಈಗ ಹೊಲಕ್ಕ ಬರ್ರಿ. ಕಲಬುರಗಿ ತೊಗರಿಗೆ 2019ರಾಗ ಜಿಐ ಟ್ಯಾಗ್ ಬಂತು, ಖುಷಿ ಪಟ್ವಿ, ಆದ್ರ ರೈತನ ನಿದ್ದಿ ಕೆಡಸೋದು ನೆಟೆ ರೋಗ. ಗಿಡ ಹೂ ಬಿಡೋ ಹೊತ್ತಿಗೆ, ಕಾಯಿ ಕಟ್ಟೋ ಹೊತ್ತಿಗೆ, ಅಂದ್ರ ಖರ್ಚೆಲ್ಲಾ ಮಾಡಿ ಮುಗಿಸಿದ್ಮ್ಯಾಲ ನಿಂತ ನಿಂತಂಗೇ ಒಣಗ್ತದ. ಒಬ್ರು ಮಳಿ ಹೆಚ್ಚಾಯ್ತು ಅಂತಾರ, ಒಬ್ರು ಬೀಜ ಖೊಟ್ಟಿ ಅಂತಾರ, ಇನ್ನೊಬ್ರು ಗೊಬ್ಬರ ಅಂತಾರ, ಅಂಗಡ್ಯಾಂವ ಒಂದು ಬಾಟ್ಲಿ ಕೈಗೆ ಕೊಟ್ಟು ಹೊಡೀರಿ ಅಂತಾನ. ಎಲ್ಲಾರ ಮಾತಿನಾಗೂ ಒಂಚೂರು ಸತ್ಯ ಇರಬಹುದು, ಯಾವುದು ಎಷ್ಟು ಅಂತ ಬಿಡ್ಸಿ ಹೇಳೋದು ರಿಸರ್ಚ್.

ರೋಗಶಾಸ್ತ್ರದವ್ರು ಒಣಗಿದ ಗಿಡ ಬುಡ ಸಮೇತ ಕಿತ್ತು ಕಾಂಡವನ್ನ ಉದ್ದಕ್ಕ ಸೀಳ್ತಾರ. ತೊಗಟಿ ಕೆಳಗ ಕಂದು, ಕರಿ ಗೆರಿ ಮ್ಯಾಲಮುಖ ಮಾಡಿ ಹೋಗಿದ್ರ, ಹೊರಗ ಬುಡದಿಂದ ಒಂದು ನೇರಳಿ ಪಟ್ಟಿ ಏರಿದ್ರ ಫ್ಯುಸೇರಿಯಂ ಅನ್ನೋ ಶಿಲೀಂಧ್ರದ ಮ್ಯಾಲ ಸಂಶಯ. ಅದು ಮಣ್ಣಿನಿಂದ ಬೇರಿಗೆ ಹೊಕ್ಕು ನೀರು ಏರೋ ನಾಳಗಳನ್ನೇ ಕಟ್ಟಿ ಹಾಕ್ತದ, ಅದಕ್ಕೇ ಹೊಲದಾಗ ಹಸಿ ಇದ್ರೂ ಗಿಡ ನೀರಿಲ್ಲದಂಗ ಬಾಡೋದು, ಅದಕ್ಕೇ ಎಲಿ ಮ್ಯಾಲ ಔಷಧ ಹೊಡೆದು ಫಾಯ್ದೆ ಆಗದೆ ಇರೋದು. ಆದ್ರ ಸಂಶಯ ಸಾಲೋದಿಲ್ಲ. ಯಾಕಂದ್ರ ಸತ್ತ ಗಿಡದಾಗ ಸತ್ತ ಮ್ಯಾಲ ಸೇರ್ಕೊಂಡ ಶಿಲೀಂಧ್ರನೂ ಇರ್ತಾವ, ಸಿಕ್ಕಿದ್ದೇ ಕೊಂದದ್ದು ಅಂತ ಹೇಳ್ಲಿಕ್ಕ ಬರೋದಿಲ್ಲ. ಹಂಗಾಗಿ ಕಾಂಡದ ಸಣ್ಣ ತುಂಡು ತಗೊಂಡು ಮೈ ತೊಳೆದು ಗಾಜಿನ ತಟ್ಟೆಯೊಳಗ ಬೆಳಸ್ತಾರ, ಬಂದ ಶಿಲೀಂಧ್ರವನ್ನ ಒಂಟಿ ಮಾಡಿ, ಬೇಯಿಸಿ ಶುದ್ಧ ಮಾಡಿದ ಮಣ್ಣಿನ ಕುಂಡದಾಗ ಆರೋಗ್ಯದ ಗಿಡಕ್ಕ ಕೊಡ್ತಾರ, ಪಕ್ಕದಾಗ ಏನೂ ಕೊಡದ ಕುಂಡನೂ ಇಟ್ಟಿರ್ತಾರ. ಕೊಟ್ಟದ್ದು ಅದೇ ಥರ ಬಾಡಿ, ಕೊಡದ್ದು ಹಚ್ಚಗ ನಿಂತು, ಬಾಡಿದ್ದ್ರೊಳಗಿಂದ ಮತ್ತ ಅದೇ ಶಿಲೀಂಧ್ರ ಬಂದ್ರ ಆಗ ಗುನ್ಹೆ ಸಾಬೀತು. ಈ ನಿಯಮ ಹಾಕಿ ಕೊಟ್ಟವ ಜರ್ಮನಿಯ ರಾಬರ್ಟ್ ಕಾಖ್, ಹತ್ತೊಂಬತ್ತನೇ ಶತಮಾನದ ಕೊನಿಗೆ ಮನುಷ್ಯರ ಕ್ಷಯರೋಗದ ವಿಷಯದಾಗ. ಅದೇ ನಿಯಮ ನಮ್ ತೊಗರಿಗೂ ಬರ್ತದ.

ಇಷ್ಟೆಲ್ಲಾ ಯಾಕ ಬೇಕಂದ್ರ ರೋಡಿನ ಮ್ಯಾಲಿಂದ ನೋಡಿದ್ರ ಒಣಗಿದ ತೊಗರಿ ಎಲ್ಲಾ ಒಂದೇ ಥರ ಕಾಣ್ತದ. ಮಳಿ ನಿಂತು ನೀರು ಹರೀದೆ ಇದ್ದಾಗ ಬರೋ ಫೈಟಾಫ್ತೊರಾ ಬ್ಯಾರೆ, ಬಿಸಿಲು ಬರಗಾಲದಾಗ ಬರೋ ಒಣ ಬೇರುಕೊಳೆ ಬ್ಯಾರೆ, ಫ್ಯುಸೇರಿಯಂ ಬ್ಯಾರೆ. ಒಂದಕ್ಕ ಬಸಿಗಾಲುವಿ ತೆಗೀಬೇಕು, ಇನ್ನೊಂದಕ್ಕ ತಳಿ ಬದಲಿ ಮಾಡಬೇಕು, ಬೀಜಕ್ಕ ಟ್ರೈಕೋಡರ್ಮಾ ಅನ್ನೋ ಉಪಕಾರಿ ಶಿಲೀಂಧ್ರ ಹಚ್ಚಬೇಕು, ಒಂದೆರಡು ವರ್ಷ ಆ ಹೊಲಕ್ಕ ತೊಗರಿ ಹಾಕಬಾರ್ದು. ಜೋಳದ ಜೊತಿಗೆ ತೊಗರಿ ಸಾಲು ಹಾಕಿದ್ರ ನೆಟೆ ಕಡಿಮಿ ಬರ್ತದ ಅನ್ನೋದು ಪ್ರಯೋಗದಾಗೂ ಕಂಡದ, ನಮ್ ಹಿರೇರು ಅಕ್ಕಡಿ ಹಾಕ್ತಿದ್ದದ್ದು ಸುಮ್ನ ಅಲ್ಲ.

ತಳಿ ಪರೀಕ್ಷಾ ಮಾಡೋ ರೀತಿ ಕೇಳಿದ್ರ ಮೊದ್ಲಿಗೆ ಆಶ್ಚರ್ಯ ಆಗ್ತದ. ಬೇಕಂತನೇ ರೋಗ ತುಂಬಿಸಿಟ್ಟ ಹೊಲ ಇರ್ತದ, ಸಿಕ್ ಪ್ಲಾಟ್ ಅಂತಾರ, ಸತ್ತ ಗಿಡಗಳ ಕೂಳಿ ಅಲ್ಲೇ ಸೇರ್ಸಿ ವರ್ಷ ವರ್ಷ ರೋಗ ಬಲಿಸಿರ್ತಾರ. ಅಲ್ಲಿ ನೂರಾರು ತಳಿ ಬಿತ್ತಿ ಯಾವುದು ಬದುಕ್ತದ ನೋಡೋದು. ನಡುವ ನಡುವ ಖಂಡಿತಾ ಸಾಯೋ ತಳಿಯ ಸಾಲನ್ನೂ ಹಾಕ್ತಾರ, ಯಾಕಂದ್ರ ಅದೂ ಬದುಕಿಬಿಟ್ರ ಆ ಜಾಗದಾಗ ರೋಗನೇ ಇರ್ಲಿಲ್ಲ ಅಂತ ಅರ್ಥ, ಪಕ್ಕದ ಹೊಸ ತಳಿ ಬದುಕಿದ್ದಕ್ಕ ಬೆಲಿ ಇಲ್ಲ. ಆಮ್ಯಾಲ ಒಂದೇ ತಳಿಯನ್ನ ಮೂರ್ನಾಲ್ಕು ಕಡಿ, ಚೀಟಿ ಎತ್ತಿದಂಗ ಎಲ್ಲಿ ಬರ್ತದೋ ಅಲ್ಲಿ ಹಾಕ್ತಾರ, ಹೊಲದ ಒಂದು ಮೂಲಿ ಫಲವತ್ತು ಇದ್ರ ಅದ್ರ ಲಾಭ ಒಂದೇ ತಳಿಗೆ ಸಿಗಬಾರ್ದು ಅಂತ. 1986ರಾಗ ಕರ್ನಾಟಕದಾಗ ಬಿಡುಗಡಿ ಆದ 'ಮಾರುತಿ' ತಳಿ ಹಿಂಗೇ ಆರಿಸಿ ಬಂದದ್ದು, ನಮ್ ಭಾಗದ ತೊಗರಿಯನ್ನ ನೆಟೆ ರೋಗದಿಂದ ಎಷ್ಟೋ ವರ್ಷ ಕಾಪಾಡ್ತು. ಆದ್ರ ಅದು ಗೊಡ್ಡು ರೋಗ ತಡ್ಕೊಳ್ಳೋದಿಲ್ಲ.

ಆ ಗೊಡ್ಡು ರೋಗದ ಕಥಿ ಹೇಳ್ಲೇಬೇಕು, "ಅಷ್ಟ್ ವರ್ಷ ಯಾಕ" ಅನ್ನೋ ಪ್ರಶ್ನೆಗೆ ಇದಕ್ಕಿಂತ ಚೊಲೋ ಉತ್ತರ ನನಗ ಸಿಕ್ಕಿಲ್ಲ. ಗಿಡ ಪೊದಿ ಹಂಗ ಬೆಳೀತದ, ಎಲಿ ತಿಳಿ ಹಸಿರು, ಹೂ ಇಲ್ಲ ಕಾಯಿ ಇಲ್ಲ. 1931ರಾಗ ಬಿಹಾರದ ಪೂಸಾದಿಂದ ಮೊದ್ಲು ವರದಿ ಆಯ್ತು. ಕಣ್ಣಿಗೆ ಕಾಣದ ಒಂದು ನುಸಿ ಇದನ್ನ ಗಿಡದಿಂದ ಗಿಡಕ್ಕ ಒಯ್ತದ ಅನ್ನೋದು ಗೊತ್ತಾಗಿದ್ದು 1960ರ ದಶಕದಾಗ. ಆ ನುಸಿ ಒಯ್ಯೋದು ಏನನ್ನ ಅನ್ನೋದಕ್ಕ, ಅಂದ್ರ ವೈರಸ್ ಕೈಗೆ ಸಿಗ್ಲಿಕ್ಕ, 2000ನೇ ಇಸವಿ ಬರಬೇಕಾಯ್ತು. ಸುಮಾರು ಎಪ್ಪತ್ತು ವರ್ಷ. ಈ ನಡುವ ಎಷ್ಟೋ ಮಂದಿ ವಿಜ್ಞಾನಿಗಳು ಇದ್ರ ಮ್ಯಾಲೇ ಕೆಲಸ ಮಾಡಿ ರಿಟೈರ್ ಆದ್ರು, ಅವ್ರ ಕೈಗೆ ವೈರಸ್ ಸಿಗ್ಲಿಲ್ಲ, ಆದ್ರ "ಇದಲ್ಲ, ಇದೂ ಅಲ್ಲ" ಅಂತ ಅವ್ರು ಬರೆದಿಟ್ಟಿದ್ದಕ್ಕೇ ಕೊನಿಗೆ ಬಂದವ್ರ ದಾರಿ ಸಣ್ಣದಾಯ್ತು.

ಈಗ ಆರ್ಟ್ಸ್ ಸೈನ್ಸ್ ಎರಡೂ ಒಂದೇ ಲೆಕ್ಕದ ಮ್ಯಾಲ ನಡಿಯೋ ಜಾಗ ತೋರಿಸ್ತೀನಿ, ನನಗ ಎಲ್ಲಕ್ಕಿಂತ ಇಷ್ಟದ್ದು ಇದು. ಬಸವಕಲ್ಯಾಣದ ಶರಣರು ಹನ್ನೆರಡನೇ ಶತಮಾನದವ್ರು, ಆದ್ರ ನಮಗ ಸಿಕ್ಕಿರೋ ವಚನಗಳ ತಾಡೋಲೆಗಳು ಹೆಚ್ಚಿನಂಶ ಅದಕ್ಕಿಂತ ಶತಮಾನಗಳು ಈಚಿನವು, ಒಂದರಿಂದ ಒಂದು ನಕಲು ಮಾಡ್ತಾ ಮಾಡ್ತಾ ಬಂದದ್ದು. ವಿಜಯಪುರದ ಫ.ಗು. ಹಳಕಟ್ಟಿ (1880–1964) ಅವ್ರು ಮನಿ ಮನಿ ತಿರುಗಿ ಈ ಕಟ್ಟುಗಳನ್ನ ಕೂಡಿಸಿದ್ರು. ಈಗ ಒಂದೇ ವಚನ ಐದು ಕಟ್ಟಿನಾಗ ಐದು ಥರ ಇದ್ರ ಮೂಲಕ್ಕ ಹತ್ರ ಇರೋದು ಯಾವುದು? ಐದರಾಗ ನಾಲ್ಕು ಒಂದೇ ಥರ ಅವ, ಹಂಗಾಗಿ ನಾಲ್ಕೇ ಸರಿ ಅಂತ ಓಟು ಹಾಕಿ ಹೇಳ್ಲಿಕ್ಕ ಬರೋದಿಲ್ಲ, ಯಾಕಂದ್ರ ಆ ನಾಲ್ಕೂ ಒಂದೇ ತಪ್ಪು ಪ್ರತಿಯ ನಕಲು ಇರಬಹುದು.

ಇಲ್ಲಿ ಕೆಲಸಕ್ಕ ಬರೋದು ತಪ್ಪುಗಳೇ. ಪರೀಕ್ಷಾದಾಗ ಇಬ್ರು ಹುಡುಗರು ಒಂದೇ ಸರಿ ಉತ್ತರ ಬರೆದ್ರ ಮಾಸ್ತರಿಗೆ ಏನೂ ಅನ್ಸೋದಿಲ್ಲ, ಇಬ್ರೂ ಓದಿರಬಹುದು, ಆದ್ರ ಇಬ್ರೂ ಒಂದೇ ವಿಚಿತ್ರ ತಪ್ಪು ಬರೆದ್ರ ಒಬ್ಬ ಇನ್ನೊಬ್ಬನ್ನ ನೋಡಿ ಬರೆದಾನ ಅಂತ ತಕ್ಷಣ ತಿಳೀತದ. ತಾಡೋಲೆದಾಗೂ ಅದೇ. ಪ ಮತ್ತ ವ ಒಂದಕ್ಕೊಂದು ಹೋಲ್ತಾವ, ಬರಿಯೋವ ಒಂದು ಕಡಿ ತಪ್ಪಿದ್ರ ಆ ಪ್ರತಿ ನೋಡಿ ಬರೆದವ್ರೆಲ್ಲಾರ ಹತ್ರನೂ ಆ ತಪ್ಪು ಹೋಗ್ತದ. ವಚನಗಳಾಗ ಸಾಲು ಸಾಲಿನ ಕೊನಿಗೆ ಒಂದೇ ಶಬ್ದ ಮತ್ತ ಮತ್ತ ಬರ್ತದ, ಬರಿಯೋವನ ಕಣ್ಣು ಒಂದರಿಂದ ಇನ್ನೊಂದಕ್ಕ ಜಿಗಿದು ನಡುವಿನ ಸಾಲೇ ಹಾರಿ ಹೋಗ್ತದ. ಹಿಂತಾ ಹಂಚ್ಕೊಂಡ ತಪ್ಪುಗಳನ್ನ ಪಟ್ಟಿ ಮಾಡಿ ಯಾವ ಪ್ರತಿ ಯಾವುದರ ಮಗ, ಯಾವುದರ ಮೊಮ್ಮಗ ಅಂತ ವಂಶವೃಕ್ಷನೇ ಬರೀತಾರ. ಇನ್ನೊಂದು ಸೂತ್ರ ಅದ: ಒಂದು ಪ್ರತಿಯಾಗ ಹಳೇ ಕಠಿಣ ಶಬ್ದ, ಇನ್ನೊಂದ್ರಾಗ ಎಲ್ಲಾರಿಗೂ ತಿಳಿಯೋ ಶಬ್ದ ಇದ್ರ ಸಾಮಾನ್ಯವಾಗಿ ಕಠಿಣದ್ದೇ ಮೂಲ, ಯಾಕಂದ್ರ ತಿಳೀದ ಶಬ್ದ ತೆಗೆದು ತಿಳಿಯೋದು ಹಾಕೋರು ಇರ್ತಾರ, ಉಲ್ಟಾ ಮಾಡೋರು ಅಪರೂಪ.

ಈಗ ಇದನ್ನೇ ತೊಗರಿಗೆ ಹಚ್ರಿ. ಜೀವಕೋಶ ಒಡೆದು ಎರಡಾಗೋ ಮುಂದ ಡಿಎನ್‌ಎ ನಕಲು ಆಗ್ತದ, ನಾಲ್ಕೇ ಅಕ್ಷರದ ಬರಹ ಅದು, ನಕಲು ಆಗೋ ಮುಂದ ಅಲ್ಲಿ ಇಲ್ಲಿ ಒಂದು ಅಕ್ಷರ ತಪ್ತದ, ಆ ತಪ್ಪು ಮಕ್ಕಳಿಗೆ ಹೋಗ್ತದ. ಎರಡು ತಳಿಯೊಳಗ ಒಂದೇ ಜಾಗದಾಗ ಒಂದೇ ಬದಲಾವಣಿ ಭಾಳ ಕಡಿ ಕಂಡ್ರ ಅವು ಹತ್ರದ ಸಂಬಂಧಿಕರು. ಹೈದರಾಬಾದ್ ಹತ್ರದ ಪಟಾಂಚೆರುವಿನ ಇಕ್ರಿಸ್ಯಾಟ್ ಅನ್ನೋ ಅಂತರರಾಷ್ಟ್ರೀಯ ಬೆಳಿ ಸಂಶೋಧನಾ ಸಂಸ್ಥೆ ಮುಂದ ನಿಂತು 2011–12ರಾಗ ತೊಗರಿಯ ಪೂರ್ತಿ ಜೀನೋಮ್ ಕರಡು ಓದಿಸ್ತು, 'ಆಶಾ' ತಳಿಯದು, 48 ಸಾವಿರಕ್ಕೂ ಹೆಚ್ಚು ಜೀನ್ ಲೆಕ್ಕಕ್ಕ ಸಿಕ್ವು. ಕಾಡು ತೊಗರಿಗಳ ಜೊತಿಗೆ ಹೋಲಿಸಿದ್ರ ನಮ್ ತೊಗರಿಗೆ ಎಲ್ಲಕ್ಕಿಂತ ಹತ್ರದ ಕಾಡು ಬಳಗ ಒಡಿಶಾ, ಬಸ್ತರ್ ಕಡಿ ಕಾಡಿನಾಗ ಬೆಳಿಯೋ ಒಂದು ಗಿಡ, ಅಂದ್ರ ತೊಗರಿ ನಮ್ ದೇಶದಾಗೇ ಹುಟ್ಟಿ ಬೆಳೆದ ಬೆಳಿ. ಕನ್ನಡ ವಿಭಾಗದಾಗ ತಾಡೋಲೆ ಹರವಿಕೊಂಡು ಕುಂತವ್ರೂ ಕಂಪ್ಯೂಟರಿನಾಗ ಜೀನ್ ಹೋಲಿಸೋವ್ರೂ ಮಾಡೋದು ಒಂದೇ ಕೆಲಸ, ತಪ್ಪು ಹಿಡಿದು ವಂಶ ಹುಡುಕೋದು. ಕನ್ನಡದ ಕೆಲಸ 'ಬರೀ ಅಭಿಪ್ರಾಯ' ಆಗಿದ್ರ ಜೀನಿನ ಕೆಲಸನೂ ಅಭಿಪ್ರಾಯನೇ ಆಗಬೇಕಾಗ್ತದ.

ಎರಡೂ ಕಡಿಯವ್ರು ಒಬ್ಬರಿಲ್ಲದೆ ಒಬ್ರು ಮುಂದ ಹೋಗ್ಲಿಕ್ಕ ಆಗದ ಜಾಗನೂ ನಮ್ಮಲ್ಲೇ ಅದ, ಯಾದಗಿರಿ ಜಿಲ್ಲಾದ ಹುಣಸಗಿ ಹತ್ರದ ಇಸಾಂಪುರ. ಪುಣೆ ಡೆಕ್ಕನ್ ಕಾಲೇಜಿನ ಪ್ರೊಫೆಸರ್ ಕೆ. ಪದ್ದಯ್ಯ ಅವ್ರು ಹುಣಸಗಿ ಕಣಿವಿಯೊಳಗ ದಶಕಗಟ್ಟಲೆ ಅಡ್ಡಾಡಿ ಆದಿಮಾನವರ ಕಲ್ಲಿನ ಆಯುಧದ ಜಾಗ ಹುಡುಕಿದವ್ರು, 2012ರಾಗ ಅವ್ರಿಗೆ ಪದ್ಮಶ್ರೀ ಬಂತು. ಇಸಾಂಪುರದಾಗ ಸಿಕ್ಕಿದ್ದು ಬರೀ ಆಯುಧ ಅಲ್ಲ, ಸುಣ್ಣಕಲ್ಲಿನ ಚಪ್ಪಡಿ, ಅದನ್ನ ಒಡಿಲಿಕ್ಕ ಬಳಸಿದ ಬ್ಯಾರೆ ಜಾತಿ ಗಡಸು ಕಲ್ಲಿನ ಸುತ್ತಿಗಿ, ಅರ್ಧ ಆದ ಕೊಡಲಿ, ಚಕ್ಕಿ ಚೂರು ಎಲ್ಲಾ ಒಂದೇ ಕಡಿ. ಅಂದ್ರ ಅದು ಕಾರ್ಖಾನಿ, ಅಲ್ಲೇ ಕಲ್ಲು ಎಬ್ಬಿಸಿ ಅಲ್ಲೇ ಆಯುಧ ಮಾಡ್ತಿದ್ರು.

ಎಷ್ಟು ಹಳೇದು ಅನ್ನೋ ಪ್ರಶ್ನೆ ಬಂದಾಗ ಭೌತಶಾಸ್ತ್ರ ಬೇಕಾಯ್ತು. ಕಲ್ಲಿನ ವಯಸ್ಸು ಕೇಳಿ ಫಾಯ್ದೆ ಇಲ್ಲ, ಕಲ್ಲು ಹುಟ್ಟಿದ್ದು ಕೋಟಿಗಟ್ಟಲೆ ವರ್ಷದ ಹಿಂದ, ಆಯುಧ ಆಗಿದ್ದು ಆಮ್ಯಾಲ. ಕಾರ್ಬನ್ ವಿಧಾನ ಸುಮಾರು 50 ಸಾವಿರ ವರ್ಷದಾಚೆ ಕೆಲಸ ಮಾಡೋದಿಲ್ಲ. ಆದ್ರ ಆಯುಧಗಳ ಜೊತಿಗೆ ದನದ ಜಾತಿ ಪ್ರಾಣಿಯ ಹಲ್ಲು ಸಿಕ್ಕಿದ್ವು. ಮಣ್ಣಿನಾಗ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಭಾಳ ಸಣ್ಣ ಪ್ರಮಾಣದಾಗ ಇದ್ದೇ ಇರ್ತಾವ, ಅವುಗಳ ವಿಕಿರಣ ಹಲ್ಲಿನ ಎನಾಮಲ್‌ಗೆ ವರ್ಷಾನುವರ್ಷ ತಾಕಿ ಒಳಗಿನ ಎಲೆಕ್ಟ್ರಾನ್ ಜಾಗ ಬಿಟ್ಟು ಬ್ಯಾರೆ ಕಡಿ ಸಿಕ್ಕೊಂಡು ಕೂಡ್ತಾವ. ಹಿಂಗ ಸಿಕ್ಕೊಂಡವು ಎಷ್ಟು ಅಂತ ಇಎಸ್‌ಆರ್ ಅನ್ನೋ ಯಂತ್ರದಾಗ ಅಳೀತಾರ, ವರ್ಷಕ್ಕ ಎಷ್ಟು ವಿಕಿರಣ ತಾಕ್ತಿತ್ತು ಅಂತ ಅಲ್ಲಿನ ಮಣ್ಣಿನಿಂದ ಲೆಕ್ಕ ಹಾಕ್ತಾರ, ಒಂದನ್ನ ಇನ್ನೊಂದರಿಂದ ಭಾಗಿಸಿದ್ರ ವಯಸ್ಸು. ಬಂದ ಉತ್ತರ ಸುಮಾರು 12 ಲಕ್ಷ ವರ್ಷ. ಹಲ್ಲು ಹೂತ ಮ್ಯಾಲ ನೀರಿನ ಜೊತಿಗೆ ಎಷ್ಟು ಯುರೇನಿಯಂ ಒಳಗ ಹೋಯ್ತು ಅನ್ನೋದ್ರ ಮ್ಯಾಲ ಈ ಅಂಕಿ ಹೆಚ್ಚು ಕಡಿಮಿ ಆಗ್ತದ, ಅದಕ್ಕೇ ಪ್ರಬಂಧದಾಗ ವಯಸ್ಸಿನ ಜೊತಿಗೆ "ಇಷ್ಟು ಲಕ್ಷ ಆಚೆ ಈಚೆ" ಅಂತ ಬರೆದೇ ಬರೀತಾರ. ಆ ಆಚೆ ಈಚೆ ದೌರ್ಬಲ್ಯ ಅಲ್ಲ, ಅದು ಇಲ್ಲದ ಅಂಕಿ ನಂಬಬ್ಯಾಡ್ರಿ. ಆಮ್ಯಾಲ ತಮಿಳುನಾಡಿನ ಅತ್ತಿರಂಪಾಕ್ಕಂನಾಗ ಪೂರಾ ಬ್ಯಾರೆ ವಿಧಾನದಿಂದ 10 ಲಕ್ಷ ವರ್ಷಕ್ಕಿಂತ ಹಳೇದು ಅಂತ ಬಂತು. ಎರಡು ಜಾಗ, ಎರಡು ವಿಧಾನ, ಒಂದೇ ದಿಕ್ಕಿನ ಉತ್ತರ ಬಂದಾಗ ಮಾತಿಗೆ ತೂಕ ಬರ್ತದ.

ಬೀದರದ ಎರಡು ವಿಷಯ ಬ್ಯಾಗನ ಹೇಳಿ ಮುಗಿಸ್ತೀನಿ. ಬಿದ್ರಿ ಸಾಮಾನಿನ ಲೋಹ ಹೆಚ್ಚಿನಂಶ ಸತುವು, ಜೊತಿಗೆ ಸ್ವಲ್ಪ ತಾಮ್ರ. ಬೆಳ್ಳಿ ಕೂಡ್ಸಿದ ಮ್ಯಾಲ ಬೀದರ ಕೋಟೆಯ ಹಳೇ ಮಣ್ಣು, ನವಸಾಗರ ಹಾಕಿದ ನೀರಿನಾಗ ಕಾಸಿದ್ರ ಲೋಹ ಕರ್ರಗ ಆಗ್ತದ, ಬೆಳ್ಳಿ ಹಂಗೇ ಬೆಳ್ಳಗ ಉಳೀತದ. ಮಣ್ಣನ್ನ ಕುಶಲಕರ್ಮಿಗಳು ನಾಲಿಗಿ ಮ್ಯಾಲ ಇಟ್ಟು ರುಚಿ ನೋಡಿ ಆರಿಸ್ತಾರ. ರಸಾಯನದವ್ರು ಇದನ್ನ ಸುಳ್ಳೂ ಅನ್ನೋದಿಲ್ಲ, ಪವಾಡನೂ ಅನ್ನೋದಿಲ್ಲ, ಒಂದೊಂದ್ನ ತೆಗೆದು ನೋಡ್ತಾರ: ತಾಮ್ರ ಇಲ್ಲದ ಸತುವು ಇಟ್ರ, ಮಣ್ಣು ಬಿಟ್ಟು ನವಸಾಗರ ಅಷ್ಟೇ ಹಾಕಿದ್ರ, ಬ್ಯಾರೆ ಊರ ಮಣ್ಣು ಹಾಕಿದ್ರ ಏನಾಗ್ತದ ಅಂತ. ಆ ಸ್ವಲ್ಪ ತಾಮ್ರ ಇಲ್ಲದಿದ್ರ ಆ ಕರಿ ಬಣ್ಣ ಕೂಡೋದಿಲ್ಲ ಅನ್ನೋದು ಹಿಂಗೇ ತಿಳಿದದ್ದು. ಹಳೇ ಕಟ್ಟಡದ, ಮಳಿ ಬಿಸಿಲು ಕಾಣದ ಮಣ್ಣಿನಾಗ ನೈಟ್ರೇಟ್ ಲವಣ ಕೂಡ್ತದ, ನಾಲಿಗಿ ಹಿಡಿಯೋದು ಆ ಲವಣವನ್ನೇ ಇರಬೇಕು ಅಂತ ನನ್ನ ಅನಿಸಿಕಿ.

ಇನ್ನೊಂದು ನೌಬಾದಿನ ಕರೇಜ್, ನಮ್ ಮಂದಿ ಸುರಂಗ ಬಾವಿ ಅಂತಾರ. ಬಹಮನಿ ಕಾಲದ್ದು, ಹೊಲದಾಗ ಒಂದೇ ಸಾಲಿನಾಗ ಬಾವಿ ಬಾಯಿ ಹಂಗ ಕಾಣೋ ತೂತುಗಳು, ಕೆಳಗ ಒಂದಕ್ಕೊಂದು ಕೂಡ್ಸೋ ಸುರಂಗ. ಇದು ಅರ್ಥ ಆಗಬೇಕಂದ್ರ ಒಬ್ಬರ ಕೈಯಾಗ ಆಗೋದಿಲ್ಲ. ಬೀದರದ ಮ್ಯಾಲ ಜಂಬಿಟ್ಟಿಗಿ ಕಲ್ಲು, ಮಳಿ ನೀರು ಅದ್ರಾಗ ಇಂಗ್ತದ, ಕೆಳಗ ಗಟ್ಟಿ ಕರಿ ಕಲ್ಲಿನ ಪದರ ಬಂದಾಗ ನೀರು ಮುಂದ ಇಳೀದೆ ಅಡ್ಡ ಹರೀತದ ಅಂತ ಭೂವಿಜ್ಞಾನದವ್ರು ಹೇಳಬೇಕು, ಸುರಂಗ ಎಷ್ಟು ಇಳುಕಲು ಅದ ಅಂತ ಭೂಗೋಳದವ್ರು ಅಳೀಬೇಕು, ಈ ವಿದ್ಯೆ ಇರಾನಿನಿಂದ ಯಾರ ಜೊತಿಗೆ ಬಂತು ಅಂತ ಫಾರ್ಸಿ ಓದೋವ್ರು ಹೇಳಬೇಕು. ಮ್ಯಾಲ ಲೇಔಟ್ ಹಾಕಿ ತೂತು ಮುಚ್ಚಿದ್ರ ಈ ಮೂರೂ ಮಂದಿಗೆ ಓದ್ಲಿಕ್ಕ ಏನೂ ಉಳಿಯೋದಿಲ್ಲ, ನಮಗ ನೀರೂ ಉಳಿಯೋದಿಲ್ಲ.

ನನ್ನ ಒಂದು ತಕರಾರು ಅದ, ಅದನ್ನ ಹೇಳ್ಲೇಬೇಕು. ಇಷ್ಟು ಕೆಲಸ ಆಗಿ ಪ್ರಬಂಧ ಬರೋದು ಹೆಚ್ಚಿನಂಶ ಇಂಗ್ಲಿಷಿನಾಗ, ಓದೋದು ಅದೇ ವಿಷಯದ ನಾಲ್ಕು ಮಂದಿ. ಗಿಡ ಕೊಟ್ಟ ರೈತನಿಗೆ, ತಾಡೋಲೆ ಕೊಟ್ಟ ಮನಿಗೆ, ಮಣ್ಣು ತೋರಿಸಿದ ಕುಶಲಕರ್ಮಿಗೆ ಏನ್ ಗೊತ್ತಾಯ್ತು ಅನ್ನೋದು ವಾಪಸ್ ಬರೋದಿಲ್ಲ. ಪ್ರತಿ ಪಿಎಚ್‌ಡಿಗೂ ಕನ್ನಡದಾಗ ಎರಡು ಪುಟದ ಸಾರಾಂಶ ಕಡ್ಡಾಯ ಮಾಡಿ ಆ ಊರಿನ ಪಂಚಾಯ್ತಿಗೆ, ರೈತ ಸಂಪರ್ಕ ಕೇಂದ್ರಕ್ಕ ಕಳಿಸಿದ್ರ ಖರ್ಚು ಏನೂ ಆಗೋದಿಲ್ಲ. ಅಲ್ಲಿತನಕ ನಾವೇ ಹುಡುಕಬೇಕು, ಅದಕ್ಕ ದಾರಿ ಅದ. 'ಶೋಧಗಂಗಾ' ಅಂತ ಸರ್ಕಾರಿ ವೆಬ್‌ಸೈಟ್ ಅದ, ದೇಶದ ವಿವಿಗಳ ಪಿಎಚ್‌ಡಿ ಪ್ರಬಂಧ ಅಲ್ಲಿ ಫ್ರೀಯಾಗಿ ಸಿಗ್ತಾವ, ಕನ್ನಡದಾಗ ಬರೆದವೂ ಭಾಳ ಅವ. ನಿಮ್ ಊರಿನ ಹೆಸರು, ತಾಲೂಕಿನ ಹೆಸರು ಹಾಕಿ ನೋಡ್ರಿ, ನಿಮ್ ಊರ ಗುಡಿ, ಕೆರಿ, ಜಾತ್ರಿ, ಬೆಳಿ ಮ್ಯಾಲ ಯಾರೋ ಬರೆದಿರ್ತಾರ. ಪೂರಾ ಓದೋ ಜರೂರತ್ ಇಲ್ಲ, ಮೊದ್ಲು ಪ್ರಶ್ನೆ ಏನು ಅಂತ ನೋಡ್ರಿ, ಆಮ್ಯಾಲ ಮಾಹಿತಿ ಹೆಂಗ ಕೂಡಿಸಿದ್ರು ಅನ್ನೋ ಅಧ್ಯಾಯ, ಅಲ್ಲಿಂದ ಸೀದಾ ಕೊನೇ ಅಧ್ಯಾಯ. ನಿಮ್ ಊರ ಹೊಲದ ಹೆಸರು, ಹಳ್ಳದ ಹೆಸರು, ಗುಡಿ ಕಥಿ ಅದ್ರಾಗ ತಪ್ಪಾಗಿ ಬಂದಿದ್ರ ಆ ವಿಭಾಗಕ್ಕ ಒಂದು ಪತ್ರ ಹಾಕ್ರಿ, ಸರಿ ಹೆಸರು ಯಾವುದು ಅಂತ, ನಿಮಗ ಯಾರು ಹೇಳಿದ್ರು ಅಂತನೂ ಸೇರ್ಸಿ.